ಬೇರು, ಬೀಜ, ಸೀರಮ್: ಮುಖದ ಕಾಂತಿಗೆ ಸಸ್ಯಸಾರವನ್ನು ಎಷ್ಟು ನಂಬಬಹುದು?

ಬಾವಂಚಿ ಬೀಜ ನಮ್ಮ ಗ್ರಂಥಿಗೆ ಅಂಗಡಿಗಳಲ್ಲಿ ಇಂದಿಗೂ ಸಿಗುತ್ತದೆ. ಕರ್ರಗಿನ, ಚಪ್ಪಟೆಯಾದ, ಮೂಗಿಗೆ ಹಿಡಿದರೆ ಘಾಟು ಬರುವ ಪುಟ್ಟ ಬೀಜ. ಆಯುರ್ವೇದದವರು ಇದನ್ನು ಬಳಸಿಕೊಂಡು ಬಂದದ್ದು ತೊನ್ನಿಗೆ, ಅಂದರೆ ಬಿಳಿಚಿಕೊಂಡ ಚರ್ಮಕ್ಕೆ ಮತ್ತೆ ಬಣ್ಣ ಬರಿಸಲು. ಅದೇ ಬೀಜದಿಂದ ಬೇರ್ಪಡಿಸಿದ ಬಾಕುಚಿಯೋಲ್ ಎಂಬ ಎಣ್ಣೆಯಂಥ ವಸ್ತು ಈಗ ಸುಕ್ಕು ತಗ್ಗಿಸುವ, ಕಪ್ಪು ಕಲೆ ತಿಳಿಗೊಳಿಸುವ ಸೀರಮ್ ಎಂದು ಸಣ್ಣ ಸೀಸೆಗಳಲ್ಲಿ ಮಾರಾಟವಾಗುತ್ತಿದೆ. ಬಣ್ಣ ಬರಿಸುವ ಬೀಜವೇ ಕಲೆಯನ್ನೂ ಕಳೆಯುವುದು ಹೇಗೆ? ಬಿಸಿಲಿನ ಜೊತೆ ಸೇರಿ ಬಣ್ಣ ಬರಿಸುವುದು ಬೀಜದೊಳಗಿನ ಸೊರಾಲೆನ್, ಸೀರಮ್ಮಿನಲ್ಲಿರುವುದು ಬಾಕುಚಿಯೋಲ್. ಒಂದೇ ಬೀಜದಲ್ಲಿರುವ ಎರಡು ಬೇರೆ ಬೇರೆ ಅಣುಗಳು ಇವು.

ಕಾಂತಿ ಮತ್ತು ಯೌವನದ ಹೆಸರಿನಲ್ಲಿ ನಡೆಯುವ ಸಸ್ಯಸಾರದ ಚರ್ಚೆ ಬಹುತೇಕ ಎಡವುವುದು ಇಲ್ಲಿಯೇ. ‘ಗಿಡಮೂಲಿಕೆಯೋ, ಕೆಮಿಕಲ್ಲೋ?’ ಎಂದು ನಾವು ಕೇಳುತ್ತೇವೆ. ಆ ಪ್ರಶ್ನೆಗೆ ಬರುವ ಉತ್ತರದಿಂದ ಗ್ರಾಹಕರಿಗೆ ಏನೂ ತಿಳಿಯುವುದಿಲ್ಲ. ಗಿಡದ ಯಾವ ಭಾಗ, ಅದರೊಳಗಿನ ಯಾವ ಅಣು, ಎಷ್ಟು ಪ್ರಮಾಣ, ಯಾರ ಚರ್ಮದ ಮೇಲೆ ಎಷ್ಟು ಕಾಲ ಪರೀಕ್ಷೆಯಾಗಿದೆ ಎಂದು ಕೇಳಿದಾಗ ಮಾತ್ರ ಚಿತ್ರ ಸ್ಪಷ್ಟವಾಗುತ್ತದೆ.

ಚರ್ಮದೊಳಗೆ ನಡೆಯುವುದೇನು

ಚರ್ಮದ ಬಣ್ಣಕ್ಕೆ ಕಾರಣ ಮೆಲನಿನ್. ಹೊರಪದರದ ತಳದಲ್ಲಿರುವ ಮೆಲನೊಸೈಟ್ ಕೋಶಗಳು ಅದನ್ನು ತಯಾರಿಸಿ, ಸಣ್ಣ ಪೊಟ್ಟಣಗಳಲ್ಲಿ ತುಂಬಿ ಸುತ್ತಲಿನ ಕೋಶಗಳಿಗೆ ದಾಟಿಸುತ್ತವೆ. ಬೆಳ್ಳಗಿನವರಲ್ಲೂ ಕಪ್ಪಗಿನವರಲ್ಲೂ ಈ ಕೋಶಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸವಿರುವುದು ಪೊಟ್ಟಣಗಳ ಗಾತ್ರದಲ್ಲಿ, ಅವು ಹಂಚಿಕೆಯಾಗುವ ರೀತಿಯಲ್ಲಿ. ಮೆಲನಿನ್ ತಯಾರಿಗೆ ಟೈರೊಸಿನೇಸ್ ಎಂಬ ಕಿಣ್ವ ಬೇಕೇ ಬೇಕು. ಆದ್ದರಿಂದ ಕಾಂತಿವರ್ಧಕಗಳ ಬಹುಪಾಲು ಸಂಶೋಧನೆ ಈ ಕಿಣ್ವವನ್ನು ತಡೆಯುವುದರ ಸುತ್ತಲೇ ಸುತ್ತಿದೆ. ಪೊಟ್ಟಣ ದಾಟಿಸುವ ಹಂತವನ್ನು ತಡೆಯುವುದು ಇನ್ನೊಂದು ದಾರಿ. ಉರಿಯೂತವನ್ನು ಶಮನಗೊಳಿಸುವುದು ಮೂರನೆಯದು. ನಮ್ಮಂಥ ಕಂದು ಚರ್ಮದವರಿಗೆ ಈ ಮೂರನೆಯದು ಬಹಳ ಮುಖ್ಯ. ಮೊಡವೆ, ತುರಿಕೆ, ಸುಟ್ಟ ಗಾಯ ಯಾವುದೇ ಇರಲಿ, ಉರಿಯೂತ ಅಡಗಿದ ಮೇಲೆ ನಮ್ಮಲ್ಲಿ ಉಳಿಯುವುದು ಕಪ್ಪು ಕಲೆ.

ಸುಕ್ಕಿನ ಕಥೆ ಒಳಪದರದ್ದು. ಅಲ್ಲಿನ ಕೊಲಾಜೆನ್ ಮತ್ತು ಎಲಾಸ್ಟಿನ್ ನಾರುಗಳು ಚರ್ಮವನ್ನು ಬಿಗಿಯಾಗಿ ಹಿಡಿದಿರುತ್ತವೆ. ಅತಿನೇರಳೆ ಕಿರಣ ತಾಕಿದಾಗ ಕೊಲಾಜೆನ್ ಕತ್ತರಿಸುವ ಕಿಣ್ವಗಳು ಎಚ್ಚರಗೊಳ್ಳುತ್ತವೆ ಎಂಬುದನ್ನು ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಫಿಶರ್ ಮತ್ತು ವೂರ್‌ಹೀಸ್ ತಂಡ 1990ರ ದಶಕದಲ್ಲಿ ತೋರಿಸಿತು. ಮುಖದ ಮುಪ್ಪಿನಲ್ಲಿ ವಯಸ್ಸಿಗಿಂತ ಬಿಸಿಲಿನ ಪಾಲೇ ದೊಡ್ಡದು. ಯುರೋಪಿನವರಲ್ಲಿ ಅದು ಸುಕ್ಕಾಗಿ ಬೇಗ ಕಾಣಿಸುತ್ತದೆ. ನಮ್ಮಲ್ಲಿ ಮೊದಲು ಕಾಣುವುದು ಬಂಗು ಮತ್ತು ಅಲ್ಲಲ್ಲಿ ಕಪ್ಪಾದ ಚರ್ಮ. ಹೀಗಾಗಿ ‘ಕಾಂತಿ’ ಮತ್ತು ‘ಮುಪ್ಪು ತಡೆ’ ಪೇಟೆಯಲ್ಲಿ ಬೇರೆ ಬೇರೆ ಸೀಸೆಗಳಾದರೂ ನಮ್ಮ ಮುಖದ ಮಟ್ಟಿಗೆ ಒಂದೇ ಸಮಸ್ಯೆಯ ಎರಡು ಮುಖಗಳು.

ಚರಕನ ಪಟ್ಟಿಯಿಂದ ಇಲ್ಲಿಯವರೆಗೆ

ಚರಕಸಂಹಿತೆಯ ಸೂತ್ರಸ್ಥಾನದ 4ನೇ ಅಧ್ಯಾಯದಲ್ಲಿ ಹತ್ತು ಹತ್ತು ದ್ರವ್ಯಗಳ 50 ಗುಂಪುಗಳಿವೆ. ಅವುಗಳಲ್ಲಿ ಒಂದು ‘ವರ್ಣ್ಯ’: ಗಂಧ, ಸುರಹೊನ್ನೆ, ಪದ್ಮಕ, ಲಾವಂಚ, ಜ್ಯೇಷ್ಠಮಧು, ಮಂಜಿಷ್ಠ, ಸೊಗದೆ ಬೇರು ಮುಂತಾದವು. ಇನ್ನೊಂದು ‘ವಯಃಸ್ಥಾಪನ’: ಅಮೃತಬಳ್ಳಿ, ಅಳಲೆ, ನೆಲ್ಲಿ, ಒಂದೆಲಗ, ಪುನರ್ನವ ಇತ್ಯಾದಿ. ಇಂದಿನ ಪೇಟೆಯ ಎರಡು ವಿಭಾಗಗಳು ಅಂದೇ ಬೇರೆ ಬೇರೆಯಾಗಿ ನಿಂತಿದ್ದವು. ಅವುಗಳಲ್ಲಿ ಜ್ಯೇಷ್ಠಮಧು ಮತ್ತು ಒಂದೆಲಗ ಪ್ರಯೋಗಾಲಯಗಳನ್ನೂ ದಾಟಿ ಜಗತ್ತಿನ ಸೀರಮ್‌ಗಳನ್ನು ಸೇರಿವೆ. ಆದರೆ ಚರಕನ ಗುಂಪುಗಳು ಕಷಾಯದವು, ಅಂದರೆ ಮುಖ್ಯವಾಗಿ ಹೊಟ್ಟೆಗೆ ಕೊಡುವ ಔಷಧ. ಹಚ್ಚುವ ಲೇಪ, ತೈಲಗಳ ವಿವರ ಹೆಚ್ಚಾಗಿ ಸಿಗುವುದು ವಾಗ್ಭಟನ ಅಷ್ಟಾಂಗಹೃದಯದಂಥ ಗ್ರಂಥಗಳಲ್ಲಿ. ಬಂಗನ್ನು ಹೋಲುವ ‘ವ್ಯಂಗ’ಕ್ಕೆ ಅಲ್ಲಿ ಚಿಕಿತ್ಸೆ ಹೇಳಿದೆ. ಇಂದು ಸಾವಿರಾರು ರೂಪಾಯಿಗೆ ಮಾರುವ ಕುಂಕುಮಾದಿ ತೈಲದ ಬೇರು ಇರುವುದು ಈ ಪರಂಪರೆಯಲ್ಲಿ.

ಕರ್ನಾಟಕದ ಪಾಲೂ ಸಣ್ಣದಲ್ಲ. ಸಾಣೆಕಲ್ಲಿನ ಮೇಲೆ ತೇಯ್ದ ಗಂಧವನ್ನು ಕಾರ್ಖಾನೆಗೆ ಒಯ್ದದ್ದು ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಬೆಂಗಳೂರಿನಲ್ಲಿ ಗಂಧದೆಣ್ಣೆ ತೆಗೆಯುವ ಕೆಲಸ ಶುರುವಾಯಿತು. ಬೆನ್ನಲ್ಲೇ ಸಾಬೂನು ಬಂತು. 1933ರಲ್ಲಿ ರಸಾಯನ ವಿಜ್ಞಾನಿಗಳಾದ ಜೋಯಿಸ್, ಮಂಜುನಾಥ ಮತ್ತು ಅವರ ಸಹೋದ್ಯೋಗಿ ಬಾವಂಚಿ ಬೀಜದ ರಾಸಾಯನಿಕ ಪರೀಕ್ಷೆಯನ್ನು ಇಂಡಿಯನ್ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಸೊರಾಲೆನ್ ಅಧ್ಯಯನದ ಚರಿತ್ರೆ ಬರೆಯುವವರು ಇಂದಿಗೂ ಆ ಪ್ರಬಂಧವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಬಾಕುಚಿಯೋಲನ್ನು ರಸಾಯನ ವಿಜ್ಞಾನಿ ಸುಖದೇವ್ ಅವರ ತಂಡ ಜಗತ್ತಿಗೆ ಪರಿಚಯಿಸಿದ್ದು 1966ರಲ್ಲಿ.

ಪಶ್ಚಿಮದ ದಾರಿ ಬೇರೆ. ಅಲ್ಲಿ ಮೊದಲು ಬಂದದ್ದು ಗಿಡವಲ್ಲ, ಅಪಘಾತ. 1939ರಲ್ಲಿ ಅಮೆರಿಕದ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ರಬ್ಬರ್ ಕೈಗವಸು ಹಾಕುತ್ತಿದ್ದ ಕಾರ್ಮಿಕರ ಕೈಗಳು ಬಿಳಿಚಿಕೊಂಡವು. ರಬ್ಬರಿಗೆ ಬೆರೆಸಿದ್ದ ಹೈಡ್ರೊಕ್ವಿನೋನ್ ಕುಲದ ವಸ್ತು ಅದಕ್ಕೆ ಕಾರಣವೆಂದು ಗೊತ್ತಾಯಿತು. ಹೈಡ್ರೊಕ್ವಿನೋನ್ ಮುಂದೆ ಕಲೆ ತಿಳಿಗೊಳಿಸುವ ಮುಖ್ಯ ಔಷಧವಾಯಿತು. ಪರಿಣಾಮ ನಿಜ, ವರ್ಷಗಟ್ಟಲೆ ಹಚ್ಚಿದವರ ಮುಖ ನೀಲಿಗಪ್ಪು ಬಣ್ಣಕ್ಕೆ ತಿರುಗಿದ್ದೂ ನಿಜ. ಯುರೋಪು 2001ರಲ್ಲಿ ಅದನ್ನು ಚರ್ಮ ಬಿಳುಪಾಗಿಸುವ ಸೌಂದರ್ಯವರ್ಧಕಗಳಿಂದ ಹೊರಗಿಟ್ಟಿತು. 2020ರಲ್ಲಿ ಅಮೆರಿಕದಲ್ಲೂ ವೈದ್ಯರ ಚೀಟಿಯಿಲ್ಲದೆ ಮಾರುವುದು ನಿಂತಿತು. ಹೀಗೆ ತೆರವಾದ ಜಾಗಕ್ಕೆ ನುಗ್ಗಿದವು ಸಸ್ಯಸಾರಗಳು. ಪರಂಪರೆಯ ಮೇಲಿನ ಪ್ರೀತಿಯಷ್ಟೇ ಈ ಭರಾಟೆಗೆ ಕಾರಣ ಎಂದುಕೊಂಡರೆ ಅರ್ಧ ಸತ್ಯ ಮಾತ್ರ ಕಂಡಂತೆ.

ಪರಂಪರೆಯವರ ವಾದ

ಸಾವಿರಾರು ವರ್ಷ ಬಳಕೆಯಲ್ಲಿ ಉಳಿದದ್ದು ಸುಮ್ಮನೆ ಉಳಿಯಲಿಲ್ಲ ಎಂಬುದು ಮೊದಲ ಪಂಥದ ಮಾತು. ಗಿಡದಲ್ಲಿ ನೂರಾರು ಘಟಕಗಳು ಒಟ್ಟಾಗಿ ಕೆಲಸ ಮಾಡುತ್ತವೆ; ಒಂದನ್ನು ಮಾತ್ರ ಬೇರ್ಪಡಿಸಿದರೆ ಗುಣ ಕುಗ್ಗುತ್ತದೆ, ಕೆಲವೊಮ್ಮೆ ವಿಷವೂ ಆಗುತ್ತದೆ ಎನ್ನುತ್ತಾರೆ. ಇದರಲ್ಲಿ ಹುರುಳಿದೆ. ಯಾವ ಗಿಡವನ್ನು ಪರೀಕ್ಷಿಸಬೇಕು ಎಂಬ ಸುಳಿವು ಕೊಟ್ಟದ್ದೇ ಪರಂಪರೆ. ಒಂದೆಲಗ ಗಾಯ ಮಾಯಿಸುತ್ತದೆ ಎಂಬ ಹಳೆಯ ಅನುಭವವೇ ಅದರ ಏಷಿಯಾಟಿಕೋಸೈಡ್, ಮಡೆಕಾಸೊಸೈಡ್‌ಗಳು ಕೊಲಾಜೆನ್ ತಯಾರಿಯನ್ನು ಹೆಚ್ಚಿಸುತ್ತವೆಯೇ ಎಂದು ನೋಡಲು ಸಂಶೋಧಕರನ್ನು ಪ್ರೇರೇಪಿಸಿತು.

ಆದರೆ ಬಳಕೆಯ ಹಳಮೆ ಒಂದು, ಪರಿಣಾಮದ ಪುರಾವೆ ಇನ್ನೊಂದು. ಅರಿಶಿನದ ಪ್ರಕರಣ ನೋಡಿ. ಗಾಯ ಮಾಯಿಸಲು ಅರಿಶಿನ ಬಳಸುವುದಕ್ಕೆ ಮಿಸಿಸಿಪ್ಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ 1995ರಲ್ಲಿ ಅಮೆರಿಕದ ಪೇಟೆಂಟ್ ಪಡೆಯಿತು. ನಮ್ಮ ಸಂಶೋಧನಾ ಮಂಡಳಿ ಸಿಎಸ್ಐಆರ್ ಹಳೆಯ ಗ್ರಂಥಗಳನ್ನು ಮುಂದಿಟ್ಟು ಹೋರಾಡಿ 1997ರಲ್ಲಿ ಅದನ್ನು ರದ್ದುಮಾಡಿಸಿತು. ಹೆಮ್ಮೆಪಡಬೇಕಾದ ಗೆಲುವು. ಆದರೆ ಅಲ್ಲಿ ಸಾಬೀತಾದದ್ದು ಆ ಜ್ಞಾನ ನಮ್ಮಲ್ಲಿ ಮೊದಲೇ ಇತ್ತು ಎಂಬುದು. ಅರಿಶಿನ ಮುಖ ಬೆಳಗಿಸುತ್ತದೆ ಎಂಬುದಲ್ಲ. 2017ರಲ್ಲಿ ನೆಲ್ಸನ್ ಮತ್ತು ಸಂಗಡಿಗರು ಕರ್ಕ್ಯುಮಿನ್ ಕುರಿತ ಸಂಶೋಧನೆಗಳನ್ನೆಲ್ಲ ಜಾಲಾಡಿ ಕಠಿಣವಾದ ತೀರ್ಮಾನಕ್ಕೆ ಬಂದರು: ಆ ಅಣು ಬೇಗ ಒಡೆಯುತ್ತದೆ, ದೇಹದಲ್ಲಿ ನಿಲ್ಲುವುದಿಲ್ಲ, ಸಿಕ್ಕಸಿಕ್ಕದ್ದಕ್ಕೆಲ್ಲ ಅಂಟಿಕೊಳ್ಳುವ ಅದರ ಗುಣದಿಂದಾಗಿ ಪ್ರಯೋಗಾಲಯದ ಪರೀಕ್ಷೆಗಳೇ ದಾರಿ ತಪ್ಪುತ್ತವೆ. ಹಳದಿ ಬಣ್ಣವಿಲ್ಲದ, ಹೆಚ್ಚು ಕಾಲ ಕೆಡದ ಟೆಟ್ರಾಹೈಡ್ರೊಕರ್ಕ್ಯುಮಿನ್ ರೂಪವನ್ನು ಸೌಂದರ್ಯವರ್ಧಕಗಳಿಗೆ ಒದಗಿಸಿದವರಲ್ಲಿ ಬೆಂಗಳೂರಿನ ಸಾಮಿ ಲ್ಯಾಬ್ಸ್ ಕೂಡ ಒಂದು. ಅಡುಗೆಮನೆಯ ಅರಿಶಿನಕ್ಕೂ ಆ ಬಿಳಿ ಪುಡಿಗೂ ಉಳಿದಿರುವ ನಂಟು ದೂರದ್ದು.

ಅಣು ಹುಡುಕುವವರ ವಾದ

ಎರಡನೆಯ ಪಂಥ ಪ್ರಯೋಗಾಲಯದ್ದು. ಗಿಡದಿಂದ ಕೆಲಸದ ಅಣುವನ್ನು ಹೆಕ್ಕಿ, ಪ್ರಮಾಣ ಗೊತ್ತುಮಾಡಿ, ಪರೀಕ್ಷಿಸಿ ಎಂಬುದು ಇವರ ನಿಲುವು. ಈ ದಾರಿಯಲ್ಲಿ ಸಿಕ್ಕ ಒಳ್ಳೆಯ ಉದಾಹರಣೆ ಜ್ಯೇಷ್ಠಮಧುವಿನ ಗ್ಲಾಬ್ರಿಡಿನ್. 1998ರಲ್ಲಿ ಯೊಕೊಟ ಮತ್ತು ಸಂಗಡಿಗರು ಇದು ಟೈರೊಸಿನೇಸನ್ನು ತಡೆಯುತ್ತದೆಂದೂ, ಶೇ 0.5ರಷ್ಟು ಹಚ್ಚಿದಾಗ ಗಿನಿಯಿಲಿಗಳಲ್ಲಿ ಅತಿನೇರಳೆ ಕಿರಣದಿಂದ ಬರುವ ಕಪ್ಪು ಕಡಿಮೆಯಾಯಿತೆಂದೂ ತೋರಿಸಿದರು. ಹಿಪ್ಪುನೇರಳೆ ಸಾರವನ್ನು ಫಿಲಿಪ್ಪೀನ್ಸ್‌ನಲ್ಲಿ ಬಂಗು ಇದ್ದ 50 ಜನರ ಮೇಲೆ 8 ವಾರ ಪರೀಕ್ಷಿಸಿದಾಗ ಸುಧಾರಣೆ ಕಂಡಿತು. ಸೋಯಾದ ಕೆಲವು ಪ್ರೋಟೀನುಗಳು ಮೆಲನಿನ್ ಪೊಟ್ಟಣ ದಾಟುವುದನ್ನು ತಡೆಯುತ್ತವೆ. ಆದರೆ ಕಾಯಿಸಿದ ಸೋಯಾಹಾಲಿನಲ್ಲಿ ಆ ಗುಣ ಉಳಿಯುವುದಿಲ್ಲ.

ಇಲ್ಲಿ ಓದುಗರು ಒಂದು ವಿವರವನ್ನು ಹತ್ತಿರದಿಂದ ನೋಡಬೇಕು. ‘ಟೈರೊಸಿನೇಸ್ ತಡೆಯುತ್ತದೆ’ ಎಂದು ಹೇಳಿಕೊಳ್ಳುವ ನೂರಾರು ಸಸ್ಯಸಾರಗಳ ಪರೀಕ್ಷೆ ನಡೆದದ್ದು ಅಣಬೆಯಿಂದ ತೆಗೆದ ಟೈರೊಸಿನೇಸಿನ ಮೇಲೆ. ಅದು ಅಗ್ಗ, ಸುಲಭವಾಗಿ ಸಿಗುತ್ತದೆ. ಗಾಜಿನ ತಟ್ಟೆಯಲ್ಲಿ ಅಣಬೆಯ ಕಿಣ್ವ ಮತ್ತು ಸಸ್ಯಸಾರ ಬೆರೆಸಿ, ದ್ರಾವಣ ಕಂದಾಗುವುದು ಎಷ್ಟು ನಿಧಾನವಾಯಿತು ಎಂದು ಅಳೆದರೆ ಪ್ರಬಂಧ ಸಿದ್ಧ. ಆದರೆ ಮನುಷ್ಯನ ಕಿಣ್ವದ ರಚನೆ ಬೇರೆ. 2018ರಲ್ಲಿ ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿಯ ಸಂಶೋಧಕರು ಮನುಷ್ಯನ ಟೈರೊಸಿನೇಸಿನ ಮೇಲೆ 50,000 ಸಂಯುಕ್ತಗಳನ್ನು ಪರೀಕ್ಷಿಸಿದರು. ಕಲೆ ತಿಳಿಗೊಳಿಸುವುದಕ್ಕೆ ಹೆಸರಾದ ಅರ್ಬುಟಿನ್ ಮತ್ತು ಕೋಜಿಕ್ ಆಮ್ಲ ಅಲ್ಲಿ ಬಹಳ ದುರ್ಬಲವೆಂದು ಕಂಡವು. ಗೆದ್ದದ್ದು ಸಂಶ್ಲೇಷಿತವಾದ ಥಯಾಮಿಡಾಲ್. ಅದು ಕಂಪನಿಯದೇ ಅಣು, ಆದ್ದರಿಂದ ಆ ಗೆಲುವನ್ನು ಎಚ್ಚರದಿಂದ ಓದಬೇಕು. ಆದರೂ ಅಣಬೆಯ ಕಿಣ್ವದ ಫಲಿತಾಂಶವನ್ನು ನೇರವಾಗಿ ಮನುಷ್ಯನ ಮುಖಕ್ಕೆ ಅನ್ವಯಿಸಲಾಗದು ಎಂಬ ಅವರ ಮಾತು ಗಟ್ಟಿಯಾಗಿ ನಿಂತಿದೆ.

ಎರಡನೆಯ ತೊಡಕು ಚರ್ಮದ್ದೇ. 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಹೊರಪದರವನ್ನು ದಾಟುವುದು ಕಷ್ಟ ಎಂಬ ನಿಯಮವನ್ನು ಬಾಸ್ ಮತ್ತು ಮೈನಾರ್ಡಿ 2000ದಲ್ಲಿ ಮಂಡಿಸಿದರು. ಬಾಕುಚಿಯೋಲ್ ಸುಮಾರು 256, ಗ್ಲಾಬ್ರಿಡಿನ್ 324, ಅಡ್ಡಿಯಿಲ್ಲ. ಒಂದೆಲಗದ ಏಷಿಯಾಟಿಕೋಸೈಡ್ 959. ತಟ್ಟೆಯಲ್ಲಿ ಬೆಳೆಸಿದ ಕೋಶ ಅದರಿಂದ ಕೊಲಾಜೆನ್ ತಯಾರಿಸಬಹುದು; ಗಾಯವಾಗಿ ತೆರೆದ ಚರ್ಮಕ್ಕೂ ಅದು ಇಳಿಯಬಹುದು. ಗಾಯವಿಲ್ಲದ ಮುಖದೊಳಗೆ ಎಷ್ಟು ಇಳಿಯುತ್ತದೆ ಎಂಬುದು ಬೇರೆಯೇ ಮಾತು. ಶೇ 5ರ ವಿಟಮಿನ್ ಸಿ ಜೊತೆ ಶೇ 0.1 ಮಡೆಕಾಸೊಸೈಡ್ ಬೆರೆಸಿ ಫ್ರಾನ್ಸಿನಲ್ಲಿ 6 ತಿಂಗಳು ನಡೆಸಿದ, 2008ರಲ್ಲಿ ಪ್ರಕಟವಾದ ಸಣ್ಣ ಪ್ರಯೋಗದಲ್ಲಿ ಸುಕ್ಕು ಕಡಿಮೆಯಾದದ್ದು ಕಂಡಿತು. ಅದರಲ್ಲಿ ವಿಟಮಿನ್ ಸಿ ಪಾಲೆಷ್ಟು, ಒಂದೆಲಗದ ಪಾಲೆಷ್ಟು ಎಂದು ಬಿಡಿಸಿ ಹೇಳಲಾಗದು.

ಹಸಿರು ಚಹಾ ಇನ್ನೊಂದು ಪಾಠ. ತಟ್ಟೆಯಲ್ಲೂ ಇಲಿಗಳಲ್ಲೂ ಅದು ಹೊಳೆಯಿತು. 2005ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ 40 ಮಹಿಳೆಯರಲ್ಲಿ ಒಂದು ಗುಂಪು 8 ವಾರ ಶೇ 10ರ ಹಸಿರು ಚಹಾ ಕ್ರೀಮ್ ಹಚ್ಚಿ, ಅದರ ಮಾತ್ರೆಯನ್ನೂ ನುಂಗಿತು. ಇನ್ನೊಂದು ಗುಂಪಿಗೆ ಹುಸಿಮದ್ದು. ಸೂಕ್ಷ್ಮದರ್ಶಕದಲ್ಲಿ ಎಲಾಸ್ಟಿನ್ ನಾರುಗಳು ತುಸು ಸುಧಾರಿಸಿದ್ದವು. ಕಣ್ಣಿಗೆ ಮಾತ್ರ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

ಈ ಎಲ್ಲವನ್ನೂ ದಾಟಿ ಮನುಷ್ಯರ ಮೇಲಿನ ನೇರ ಹೋಲಿಕೆಯವರೆಗೆ ಬಂದದ್ದು ಬಾಕುಚಿಯೋಲ್. 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ ಪ್ರಕಟಿಸಿದ ಪ್ರಯೋಗದಲ್ಲಿ 44 ಜನರು 12 ವಾರ ಶೇ 0.5ರ ಬಾಕುಚಿಯೋಲ್ ಅಥವಾ ಅಷ್ಟೇ ಪ್ರಮಾಣದ, ವಿಟಮಿನ್ ಎ ಕುಲದ ರೆಟಿನಾಲ್ ಹಚ್ಚಿದರು. ಸುಕ್ಕು ಮತ್ತು ಕಲೆ ಎರಡರಲ್ಲೂ ಎರಡು ಗುಂಪುಗಳಿಗೂ ಸರಿಸುಮಾರು ಒಂದೇ ಲಾಭ; ಸಿಪ್ಪೆ ಏಳುವುದು, ಉರಿ ಮಾತ್ರ ರೆಟಿನಾಲ್‌ನವರಿಗೆ ಹೆಚ್ಚು. ಸಸ್ಯಜನ್ಯ ಅಣುಗಳಲ್ಲಿ ಇಷ್ಟು ನೇರವಾದ ಪುರಾವೆ ಅಪರೂಪ. ಆದರೂ ಬಾಕುಚಿಯೋಲನ್ನು ದಿನಕ್ಕೆ ಎರಡು ಬಾರಿ, ರೆಟಿನಾಲನ್ನು ಒಮ್ಮೆ ಹಚ್ಚಿದ್ದರು ಎಂಬುದನ್ನು ಮರೆಯಬಾರದು. ಹೋಲಿಸಿದ್ದು ರೆಟಿನಾಲ್ ಜೊತೆಗೆ. ಅದಕ್ಕಿಂತ ಪ್ರಬಲವಾದ ಟ್ರೆಟಿನಾಯಿನ್ ಜೊತೆಗಲ್ಲ. ನನ್ನ ಅಂದಾಜಿನಲ್ಲಿ ಮುಪ್ಪಿನ ಸಸ್ಯಸಾರಗಳ ಸಾಲಿನಲ್ಲಿ ಇದಕ್ಕೆ ಮೊದಲ ಸ್ಥಾನ ಸಲ್ಲುತ್ತದೆ, ಆದರೆ 44 ಜನರ ಬಲದ ಮೇಲೆ ಮಾತ್ರ.

ಚರ್ಮತಜ್ಞರ ವಾದ: ಮೊದಲು ಬಿಸಿಲು

ಮೂರನೆಯ ಪಂಥದವರು ಚರ್ಚೆಯ ದಿಕ್ಕನ್ನೇ ಬದಲಿಸುತ್ತಾರೆ. ಹಾನಿಯ ಮೂಲವನ್ನು ಬಿಟ್ಟು ಹಾನಿಯಾದದ್ದಕ್ಕೆ ಲೇಪ ಹುಡುಕುವುದೇಕೆ ಎಂಬುದು ಅವರ ಪ್ರಶ್ನೆ. ಆಸ್ಟ್ರೇಲಿಯಾದಲ್ಲಿ 55 ವರ್ಷದೊಳಗಿನ 903 ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನಾಲ್ಕೂವರೆ ವರ್ಷ ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮದ ಮುಪ್ಪು ಉಳಿದವರಿಗಿಂತ ಶೇ 24ರಷ್ಟು ಕಡಿಮೆ ಇತ್ತು. ಯಾವ ಸಸ್ಯಸಾರಕ್ಕೂ ಇಷ್ಟು ಜನರ, ಇಷ್ಟು ದೀರ್ಘ ಕಾಲದ ಸಾಕ್ಷ್ಯವಿಲ್ಲ. ಕಂದು ಚರ್ಮದವರಿಗೆ ಇನ್ನೊಂದು ಮಾತು ಸೇರುತ್ತದೆ. ಅತಿನೇರಳೆ ಕಿರಣವಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕೂ ನಮ್ಮ ಚರ್ಮವನ್ನು ಕಪ್ಪಾಗಿಸುತ್ತದೆ ಎಂದು 2010ರಲ್ಲಿ ತೋರಿಸಲಾಯಿತು. ಅದನ್ನು ತಡೆಯಲು ಐರನ್ ಆಕ್ಸೈಡ್ ಇರುವ, ಬಣ್ಣ ಬೆರೆತ ಸನ್‌ಸ್ಕ್ರೀನ್ ಬೇಕು. ಬಂಗು ಇರುವವರು ಸೀರಮ್ಮಿಗೆ ಹಣ ಹಾಕುವ ಮುನ್ನ ಇದಕ್ಕೆ ಹಾಕುವುದು ಮೇಲು.

ಸಸ್ಯವೆಂದರೆ ಸುರಕ್ಷಿತವೇ?

2013ರ ಜುಲೈನಲ್ಲಿ ಜಪಾನಿನ ಕನೆಬೊ ಕಂಪನಿ ತನ್ನ 54 ಕಾಂತಿವರ್ಧಕ ಉತ್ಪನ್ನಗಳನ್ನು ಪೇಟೆಯಿಂದ ಹಿಂತೆಗೆಯಿತು. ಅವುಗಳಲ್ಲಿದ್ದ ರೊಡೊಡೆಂಡ್ರಾಲ್ ಮೇಪಲ್ ಜಾತಿಯ ಒಂದು ಮರದ ತೊಗಟೆಯಲ್ಲಿ ಸಹಜವಾಗಿ ಇರುವ ಅಣು. ಕಂಪನಿ ಅದನ್ನು ಕಾರ್ಖಾನೆಯಲ್ಲಿ ತಯಾರಿಸಿ, 2008ರಲ್ಲಿ ಸರ್ಕಾರದ ಒಪ್ಪಿಗೆ ಪಡೆದು ಬಳಸಿತ್ತು. ಹಚ್ಚಿದವರಲ್ಲಿ ಸುಮಾರು ಶೇ 2ರಷ್ಟು ಜನರ ಮುಖ, ಕತ್ತು, ಕೈಗಳ ಮೇಲೆ ತೊನ್ನಿನಂಥ ಬಿಳಿ ಮಚ್ಚೆ ಎದ್ದವು. ದೂರು ಕೊಟ್ಟವರು 18,000ಕ್ಕೂ ಹೆಚ್ಚು. ಕಿಣ್ವವನ್ನು ತಡೆಯಬೇಕಾದ ಆ ಅಣುವನ್ನು ಕಿಣ್ವವೇ ವಿಷವಾಗಿ ಮಾರ್ಪಡಿಸುತ್ತಿತ್ತು. ಆ ವಿಷ ಮೆಲನೊಸೈಟ್‌ಗಳನ್ನು ಕೊಲ್ಲುತ್ತಿತ್ತು. ಬಳಕೆ ನಿಲ್ಲಿಸಿದ ಮೇಲೆ ಹಲವರಿಗೆ ಬಣ್ಣ ಮರಳಿತು. ಕೆಲವರಿಗೆ ಪೂರ್ತಿ ಮರಳಲಿಲ್ಲ. ಒಪ್ಪಿಗೆ, ಪರೀಕ್ಷೆ, ಹೆಸರಾಂತ ಕಂಪನಿ ಎಲ್ಲವೂ ಇದ್ದೂ ಹೀಗಾಯಿತು.

ಮನೆಮದ್ದಿನಲ್ಲೂ ಅಪಾಯವಿದೆ. ಬಾವಂಚಿ ಬೀಜ ಅರೆದು ಹಚ್ಚಿ ಬಿಸಿಲಿಗೆ ಹೋದರೆ ಸೊರಾಲೆನ್‌ನಿಂದ ಬೊಬ್ಬೆ ಏಳುತ್ತದೆ. ನಿಂಬೆಯಲ್ಲೂ ಅದೇ ಕುಲದ ವಸ್ತುಗಳಿವೆ; ನಿಂಬೆರಸ ಹಚ್ಚಿ ಬಿಸಿಲಲ್ಲಿ ನಿಂತವರ ಚರ್ಮ ಸುಟ್ಟು ತಿಂಗಳುಗಟ್ಟಲೆ ಕಪ್ಪಾಗಿ ಉಳಿಯಬಹುದು. ಕಲೆ ಹೋಗಲೆಂದು ಹಚ್ಚಿದ್ದೇ ಹೊಸ ಕಲೆಗೆ ಕಾರಣವಾಗುತ್ತದೆ.

ಎಲ್ಲಕ್ಕಿಂತ ಘೋರವಾದದ್ದು ಕಲಬೆರಕೆ. ಕೇರಳದ ಕೊಟ್ಟಕ್ಕಲ್‌ನ ಆಸ್ಪತ್ರೆಯೊಂದರ ವೈದ್ಯರು 2021ರಿಂದ 2023ರ ನಡುವೆ ಕಂಡ ಒಂದು ಬಗೆಯ ಮೂತ್ರಪಿಂಡ ಕಾಯಿಲೆಯ 22 ಪ್ರಕರಣಗಳಲ್ಲಿ 15 ಒಂದೇ ವಿರಳ ಮಾದರಿಯವು. ಆ 15 ಜನರಲ್ಲಿ 13 ಮಂದಿ ಬಿಳುಪಿನ ಕ್ರೀಮ್ ಬಳಸಿದ್ದರು, ಮತ್ತು ಪಾದರಸದ ನಂಟು ಬಯಲಾಯಿತು. ನಮ್ಮ 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಕಣ್ಣಿನ ಪ್ರಸಾಧನಗಳನ್ನು ಬಿಟ್ಟರೆ ಉಳಿದವುಗಳಲ್ಲಿ ಅರಿಯದೆ ಸೇರಿದ ಪಾದರಸವೂ ಹತ್ತು ಲಕ್ಷದಲ್ಲಿ 1 ಭಾಗ ಮೀರುವಂತಿಲ್ಲ. ‘ಗಿಡಮೂಲಿಕೆ’ ಚೀಟಿಯ ಹಿಂದೆ ಸ್ಟೀರಾಯ್ಡ್ ಸೇರಿಸುವುದೂ ಹೊಸದಲ್ಲ. 2018ರಲ್ಲಿ ಕೇಂದ್ರ ಸರ್ಕಾರ 14 ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿ ಕಡ್ಡಾಯವಾದ ಪಟ್ಟಿಗೆ ಸೇರಿಸಬೇಕಾಗಿ ಬಂತು. ಯಾವ ಸಸ್ಯಸಾರವೂ ಒಂದು ವಾರದಲ್ಲಿ ಮುಖ ಬಿಳುಪಾಗಿಸುವುದಿಲ್ಲ. ಹಾಗೆ ಬಿಳುಪಾಗಿಸುವ ಕ್ರೀಮ್ ಸಿಕ್ಕರೆ, ಅದರೊಳಗೆ ಕೆಲಸ ಮಾಡುತ್ತಿರುವುದು ಸಸ್ಯಸಾರವಲ್ಲ.

ಕಾಂತಿಯೋ, ಬಿಳುಪೋ

ಕಲೆ ತಿಳಿಗೊಳಿಸುವುದು ಚಿಕಿತ್ಸೆ. ಹುಟ್ಟಿನ ಬಣ್ಣವನ್ನೇ ಬದಲಿಸ ಹೊರಡುವುದು ಬೇರೆ. 1975ರಲ್ಲಿ ಬಂದ ಫೇರ್ ಆ್ಯಂಡ್ ಲವ್ಲಿ ಈ ಎರಡನ್ನೂ ಒಂದೇ ಟ್ಯೂಬಿನಲ್ಲಿ ಬೆರೆಸಿತು. ಚೆನ್ನೈಯಲ್ಲಿ 2009ರಲ್ಲಿ ಶುರುವಾದ ‘ಡಾರ್ಕ್ ಈಸ್ ಬ್ಯೂಟಿಫುಲ್’ ಚಳವಳಿ, ಕಪ್ಪು ಬಣ್ಣವನ್ನು ಕೀಳಾಗಿ ತೋರಿಸಬಾರದೆಂಬ ಜಾಹೀರಾತು ಮಂಡಳಿಯ 2014ರ ಮಾರ್ಗಸೂಚಿ, 2020ರಲ್ಲಿ ಆ ಕ್ರೀಮಿನ ಹೆಸರೇ ಬದಲಾದದ್ದು, ಇವೆಲ್ಲ ಒಂದು ಹೋರಾಟದ ಹಂತಗಳು. ಬಣ್ಣದ ವಿಷಯದಲ್ಲಿ ಸಸ್ಯಸಾರಗಳಿಗೆ ಪುರಾವೆ ಏನಾದರೂ ಇದ್ದರೆ ಅದು ಕಲೆಯ ಬಗ್ಗೆ ಮಾತ್ರ. ಮದುವೆಗೆ ಮುನ್ನ ಹೆಣ್ಣುಮಗಳ ಮೈಬಣ್ಣವನ್ನೇ ಬದಲಿಸುವುದಾಗಿ ಹೇಳುವ ಯಾವ ಮಾತಿಗೂ ವಿಜ್ಞಾನದ ಬೆಂಬಲವಿಲ್ಲ. ಹಾಗೆ ಹೇಳಿ ಮಾರುವವರು ಮೂಲಿಕೆಗೂ ಅವಮಾನ ಮಾಡುತ್ತಾರೆ, ಆ ಮಗಳಿಗೂ.

ಇನ್ನೂ ಬಗೆಹರಿಯದ್ದು

ಮೊದಲನೆಯದು, ಇಡೀ ಸಾರ ಮೇಲೋ ಒಂಟಿ ಅಣು ಮೇಲೋ ಎಂಬ ಪ್ರಶ್ನೆ. ಎರಡನ್ನೂ ಅಕ್ಕಪಕ್ಕ ಇಟ್ಟು ಪರೀಕ್ಷಿಸಿದರೆ ಉತ್ತರ ಸಿಗುತ್ತದೆ. ಅಂಥ ಪರೀಕ್ಷೆ ಅಪರೂಪ. ಏಕೆಂದರೆ ಒಂದೇ ಗಿಡದ ಸಾರ ಮಣ್ಣು, ಕೊಯ್ಲಿನ ಕಾಲ, ಬಳಸಿದ ದ್ರಾವಕಕ್ಕೆ ತಕ್ಕಂತೆ ಬದಲಾಗುತ್ತದೆ. ಬಾಕುಚಿಯೋಲ್ ಬಸುರಿಯರಿಗೆ ಸುರಕ್ಷಿತ ಎಂಬ ಪ್ರಚಾರವೂ ಇತ್ಯರ್ಥವಾಗದ ವಿಷಯವೇ. ಗರ್ಭಿಣಿಯರು ರೆಟಿನಾಲ್ ಕುಲದ ರೆಟಿನಾಯ್ಡ್‌ಗಳನ್ನು ಬಿಡಬೇಕು ಎಂಬುದು ಖಚಿತ. ಆದರೆ ಅದರಿಂದ ಬದಲಿ ವಸ್ತು ಸುರಕ್ಷಿತವೆಂದು ಸಾಬೀತಾಗುವುದಿಲ್ಲ. ಬಂಗು ಮರುಕಳಿಸುವ ಕಾಯಿಲೆ. 8 ಅಥವಾ 12 ವಾರದ ಪ್ರಯೋಗಗಳು ವರ್ಷದ ನಂತರ ಏನಾಗುತ್ತದೆ ಎಂದು ಹೇಳಲಾರವು. ಆಸ್ಟ್ರೇಲಿಯಾದ ಸನ್‌ಸ್ಕ್ರೀನ್ ಫಲಿತಾಂಶ ಕೂಡ ಹೆಚ್ಚಾಗಿ ಬಿಳಿಯರದು. ನಮ್ಮ ಚರ್ಮಕ್ಕೆ ಲಾಭ ಅಷ್ಟೇ ಪ್ರಮಾಣದಲ್ಲಿದೆಯೇ ಎಂಬುದು ಅಳೆದು ನೋಡಬೇಕಾದ ಸಂಗತಿ.

ಚೀಟಿಯ ಪ್ರಶ್ನೆ ಇನ್ನೂ ಹತ್ತಿರದ್ದು. ಸೌಂದರ್ಯವರ್ಧಕದ ಪರವಾನಗಿಯಲ್ಲಿ ಮಾರುವ ಕ್ರೀಮಿನ ಮೇಲೆ ಘಟಕಗಳ ಹೆಸರಿದ್ದರೆ ಸಾಕು, ಪ್ರಮಾಣ ಬೇಡ. ಶೇ 1ಕ್ಕಿಂತ ಕಡಿಮೆ ಇರುವುದನ್ನು ಯಾವ ಕ್ರಮದಲ್ಲಾದರೂ ಬರೆಯಬಹುದು. ಆಯುರ್ವೇದ ಪರವಾನಗಿಯಡಿ ಮಾರುವುದರ ಮೇಲೆ ಮೂಲಿಕೆಯ ತೂಕ ಇರಬೇಕು, ಆದರೆ ಅದರೊಳಗಿನ ಕೆಲಸದ ಅಣು ಎಷ್ಟು ಎಂದು ಹೇಳಬೇಕಿಲ್ಲ. ಕೊಳ್ಳುವವರು ಕಂಪನಿಗೆ ಇ-ಮೇಲ್ ಬರೆದು ‘ಗ್ಲಾಬ್ರಿಡಿನ್ ಶೇ ಎಷ್ಟು, ಪರೀಕ್ಷೆ ಯಾರ ಮೇಲೆ ನಡೆಯಿತು’ ಎಂದು ಕೇಳಲಿ. ಉತ್ತರ ಕೊಡದ ಕಂಪನಿಯ ಸೀಸೆಯನ್ನು ಅಂಗಡಿಯಲ್ಲೇ ಬಿಟ್ಟು ಬರಲಿ.

ಇನ್ನು ಪ್ರಯೋಗ ನಡೆಸಬಲ್ಲವರಲ್ಲಿ ಒಂದು ಕೋರಿಕೆ. ಉಡುಪಿಯ ಆಯುರ್ವೇದ ಕಾಲೇಜಿಗೂ ಮಣಿಪಾಲದ ವೈದ್ಯಕೀಯ ಕಾಲೇಜಿಗೂ ಅರ್ಧ ಗಂಟೆಯ ದಾರಿ. ಬೆಂಗಳೂರು, ಮೈಸೂರುಗಳಲ್ಲಿ ಎರಡೂ ಪದ್ಧತಿಯ ಕಾಲೇಜುಗಳು ಒಂದೇ ಊರಿನಲ್ಲಿವೆ. ಬಂಗು ಇರುವ ನಮ್ಮದೇ ಜನರಲ್ಲಿ ಒಂದು ಗುಂಪಿಗೆ ಗುಣಮಟ್ಟ ಖಚಿತಪಡಿಸಿದ ಕುಂಕುಮಾದಿ ತೈಲ, ಇನ್ನೊಂದಕ್ಕೆ ಕಲೆಗೆ ಬಳಸುವ ನಯಾಸಿನಮೈಡ್, ಎರಡೂ ಗುಂಪಿಗೆ ಒಂದೇ ಸನ್‌ಸ್ಕ್ರೀನ್ ಕೊಟ್ಟು, ಒಂದು ವರ್ಷ ಗಮನಿಸಿ, ಫಲಿತಾಂಶ ಯಾರ ಪರವಾಗಿ ಬಂದರೂ ಕನ್ನಡದಲ್ಲೂ ಪ್ರಕಟಿಸಲಿ.